ಉಳಿಸಿಟ್ಟ ವೆಬ್ ಪುಟಗಳು ತೆರೆಯದಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ವರ್ಗಾವಣೆಯ ನಂತರ ತೆರೆಯದಿರುವ ಕಡತಗಳನ್ನು ಸರಿಪಡಿಸುವಂತೆಯೂ ಹಳೆಯ ಹಾರ್ಡ್ ಡಿಸ್ಕನ್ನು ಅಳಿಸದಂತೆಯೂ ಕೋರಿ.

ಮಾನ್ಯರೇ,

ವಾರ್ಷಿಕ ನಿರ್ವಹಣಾ ಒಪ್ಪಂದದಡಿ ತಮ್ಮ ತಂತ್ರಜ್ಞರು ನಮ್ಮ ವಾಚನಾಲಯದ ವಿಂಡೋಸ್ 7 ಕಂಪ್ಯೂಟರನ್ನು ತೆಗೆದು, ವಿಂಡೋಸ್ 11 ಇರುವ ಹೊಸದನ್ನು ಅಳವಡಿಸಿ, ಎಲ್ಲ ಕಡತಗಳನ್ನೂ ವರ್ಗಾಯಿಸಿರುವುದಾಗಿ ನಮ್ಮಿಂದ ಸಹಿ ಪಡೆದು ಹೋದರು. ಆದರೆ ಜಿಲ್ಲೆಯ ಕೆರೆಗಳು, ಶಾಸನಗಳು, ನಾಟಕ ಮಂಡಳಿಗಳ ಕುರಿತು ಹಿಂದೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಉಳಿಸಿಟ್ಟಿದ್ದ ಲೇಖನಗಳು ಈಗ ತೆರೆಯುತ್ತಿಲ್ಲ. ಅವು ಪ್ರಕಟವಾಗಿದ್ದ ಜಾಲತಾಣಗಳಲ್ಲಿ ಹಲವು ಮುಚ್ಚಿಹೋಗಿರುವುದರಿಂದ, ಓದುಗರಿಗೆ ಕೊಡಲು ನಮ್ಮಲ್ಲಿರುವುದು ಈ ಪ್ರತಿಗಳು ಮಾತ್ರ.

ದೂರವಾಣಿಯಲ್ಲಿ ವಿಚಾರಿಸಿದಾಗ, ‘ಫೈಲ್‌ಗಳು ಕರಪ್ಟ್ ಆಗಿವೆ, ಡಿಲೀಟ್ ಮಾಡಿಬಿಡಿ’ ಎಂಬ ಉತ್ತರ ಬಂತು. ಕಡತವನ್ನು ನೋಡದೆಯೇ ಕೊಟ್ಟ ಈ ಉತ್ತರ ತಪ್ಪು. ಒಂದು ಎಂಎಚ್‌ಟಿ ಕಡತವನ್ನು (ಇಡೀ ವೆಬ್ ಪುಟವನ್ನು ಒಂದೇ ಕಡತವಾಗಿ ಉಳಿಸಿದ್ದು) ನೋಟ್‌ಪ್ಯಾಡ್‌ನಲ್ಲಿ ತೆರೆದರೆ, ಅದನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ ಉಳಿಸಲಾಗಿದೆ ಎಂಬ ಒಕ್ಕಣೆ ಮೊದಲ ಸಾಲಿನಲ್ಲೇ ಇದೆ. ಅದರ ಕೆಳಗೆ ಶೀರ್ಷಿಕೆ, ದಿನಾಂಕ, ಹಲವು ಭಾಗಗಳು ಒಟ್ಟಿಗಿವೆ ಎಂದು ಸೂಚಿಸುವ ‘ಮಲ್ಟಿಪಾರ್ಟ್ ರಿಲೇಟೆಡ್’ ಎಂಬ ಗುರುತು, ನಂತರ ಪುಟದ ಪಠ್ಯ, ಬೇಸ್64 ರೂಪದಲ್ಲಿ, ಅಂದರೆ ಅಕ್ಷರಗಳಾಗಿ ಬದಲಿಸಿದ ಚಿತ್ರಗಳು, ಕಟ್ಟಕಡೆಗೆ ಮುಕ್ತಾಯದ ಗಡಿಸಾಲು, ಎಲ್ಲವೂ ಕ್ರಮವಾಗಿವೆ. ಪುಟವನ್ನೂ ಚಿತ್ರಗಳನ್ನೂ ಇಮೇಲ್‌ನಂತೆ ಒಂದೇ ಕಡತದಲ್ಲಿ ಕಟ್ಟಿಡುವ ಈ ಪದ್ಧತಿ 1999ರಲ್ಲೇ ಆರ್‌ಎಫ್‌ಸಿ 2557 ಎಂಬ ಮಾನಕವಾಗಿ ಪ್ರಕಟವಾಗಿದೆ. ತೊಂದರೆಯ ಮೂಲ ಬೇರೆ: ತಮ್ಮ ತಂತ್ರಜ್ಞರು ಈ ಕಡತಗಳನ್ನು ಕ್ಲಿಕ್ಕಿಸಿದರೆ ಫೈರ್‌ಫಾಕ್ಸ್ ಬ್ರೌಸರ್‌ನಲ್ಲೇ ತೆರೆಯುವಂತೆ ಜೋಡಿಸಿದ್ದಾರೆ, ಫೈರ್‌ಫಾಕ್ಸ್ ತಾನಾಗಿ ಎಂಎಚ್‌ಟಿ ಕಡತವನ್ನು ತೋರಿಸುವುದಿಲ್ಲ. ಅದೇ ಕಡತವನ್ನು ಎಳೆದು ಎಡ್ಜ್ ಬ್ರೌಸರ್‌ನ ಕಿಟಕಿಯೊಳಗೆ ಬಿಟ್ಟರೆ ಪುಟ ಚಿತ್ರಸಹಿತ ತೆರೆದುಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದ ಲೋಪ ಇನ್ನೊಂದಿದೆ. ‘ಸಂಪೂರ್ಣ ವೆಬ್ ಪುಟ’ ಎಂದು ಉಳಿಸಿದಾಗ ಎಚ್‌ಟಿಎಂಎಲ್ ಕಡತದ ಪಕ್ಕದಲ್ಲಿ, ಅದೇ ಹೆಸರಿಗೆ ‘ಫೈಲ್ಸ್’ ಎಂದು ಸೇರಿಸಿದ ಒಂದು ಫೋಲ್ಡರ್ ಉಂಟಾಗುತ್ತದೆ. ಚಿತ್ರಗಳೂ ಪುಟದ ವಿನ್ಯಾಸವೂ ಅದರಲ್ಲಿರುತ್ತವೆ. ವರ್ಗಾಯಿಸುವಾಗ ಕಡತಗಳನ್ನು ಬಗೆವಾರು ವಿಂಗಡಿಸಿ, ಎಚ್‌ಟಿಎಂಎಲ್‌ಗಳನ್ನು ಒಂದು ಕಡೆಗೂ ಚಿತ್ರಗಳನ್ನು ಇನ್ನೊಂದು ಕಡೆಗೂ ಹಾಕಲಾಗಿದೆ. ಪರಿಣಾಮವಾಗಿ ಕೆರೆಗಳ ಲೇಖನದಲ್ಲಿ ತೂಬು, ಕೋಡಿಗಳ ವಿವರಣೆ ಉಳಿದಿದೆ, ಆ ವಿವರಣೆ ಬೊಟ್ಟುಮಾಡುವ ನಕ್ಷೆಗಳಿದ್ದ ಜಾಗದಲ್ಲಿ ಖಾಲಿ ಚೌಕಗಳಿವೆ. ಬೇರೆ ಬೇರೆ ಪುಟಗಳ ಚಿತ್ರಗಳಿಗೆ ಒಂದೇ ಹೆಸರಿರುವುದು ಸಾಮಾನ್ಯವಾದ್ದರಿಂದ, ಒಂದೇ ಫೋಲ್ಡರ್‌ಗೆ ಬಿದ್ದಾಗ ಎಷ್ಟೋ ಚಿತ್ರಗಳು ಒಂದರ ಮೇಲೊಂದು ಬರೆಯಲ್ಪಟ್ಟಿರುವ ಸಾಧ್ಯತೆಯಿದೆ. ಇದನ್ನು ನಾವು ಕೈಯಿಂದ ಸರಿಪಡಿಸಲಾಗದು. ಮೂಲ ಜೋಡಣೆ ಇರುವುದು ತಮ್ಮ ವಶದಲ್ಲಿರುವ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಮಾತ್ರ.

ಯೂನಿಕೋಡ್‌ಗೆ (ಈಗ ಬಳಕೆಯಲ್ಲಿರುವ ಅಕ್ಷರ ಸಂಕೇತ ಪದ್ಧತಿ) ಮೊದಲಿನ ಫಾಂಟ್‌ಗಳಲ್ಲಿರುವ ಪುಟಗಳು ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಹಳೆಯ ಯಂತ್ರದ ಫಾಂಟ್‌ಗಳನ್ನು ಹೊಸದಕ್ಕೆ ಹಾಕದಿರುವುದೇ ಇದಕ್ಕೆ ಕಾರಣ.

ಆದ್ದರಿಂದ ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡದಂತೆ, ಮಾರದಂತೆ, ಬೇರೆ ಯಂತ್ರಕ್ಕೆ ಬಳಸದಂತೆ ಇಂದೇ ಸಂಬಂಧಪಟ್ಟವರಿಗೆ ಸೂಚಿಸಿ, ಹಾಗೆ ಸೂಚಿಸಿರುವುದನ್ನು ಲಿಖಿತವಾಗಿ ತಿಳಿಸಬೇಕು. ಬಳಿಕ ಫೋಲ್ಡರ್‌ಗಳನ್ನು ಇದ್ದ ಕ್ರಮದಲ್ಲೇ, ಫಾಂಟ್‌ಗಳ ಸಮೇತ ನಕಲು ಮಾಡಿ, ಎಂಎಚ್‌ಟಿ ಕಡತಗಳನ್ನು ಎಡ್ಜ್‌ಗೆ ಜೋಡಿಸಿ, ಅಲ್ಲಿಯೂ ಸರಿಯಾಗಿ ಕಾಣದ ಪುಟಗಳಿಗಾಗಿ ಅದರ ಐಇ ಮೋಡ್ (ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಂತೆ ಪುಟ ತೋರಿಸುವ ವ್ಯವಸ್ಥೆ) ಸಿದ್ಧಪಡಿಸಿಕೊಡಬೇಕು. ನಮ್ಮ ಗ್ರಂಥಪಾಲಕರು ಪುಟಗಳನ್ನು ತೆರೆದು ನೋಡಿ ಒಪ್ಪಿದ ಮೇಲೆಯೇ ಕೆಲಸ ಮುಗಿಯಿತೆಂದು ಸಹಿ ಮಾಡಲಾಗುವುದು. 15 ದಿನಗಳೊಳಗೆ ಕ್ರಮ ಕೈಗೊಳ್ಳದಿದ್ದಲ್ಲಿ ಇದನ್ನು ಸೇವಾ ನ್ಯೂನತೆಯೆಂದು ಪರಿಗಣಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಗೌರವ ಕಾರ್ಯದರ್ಶಿ,
ಸಾರ್ವಜನಿಕ ವಾಚನಾಲಯ