ನಾಲ್ಕನೇ ಲೈನಿನ ಸೆಂಟರ್

ಕೆನಡಾದ ನಮ್ಮ ಕನ್ನಡ ತರಗತಿಯ ಮಕ್ಕಳಿಗೆ ಈ ಸಲ ಕೊಟ್ಟ ವಿಷಯ ‘ದೊಡ್ಡವರಾದ ಮೇಲೆ’. ರಾಜ್ಯೋತ್ಸವ ಸಂಚಿಕೆಗೆ ಬಂದ ಪುಟಗಳಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಒಂದೇ ಸಾಲು ಬರೆದಿದ್ದಾನೆ: ‘ನಾನು ನಾಲ್ಕನೇ ಲೈನಿನ ಸೆಂಟರ್ ಆಗುತ್ತೇನೆ.’ ಹಾಕಿ ಅಂದರೆ ಕೊಡಗಿನ ಮೈದಾನವೇ ಕಣ್ಣಿಗೆ ಬರುವ ನಮಗೆ ಇದು ಸಣ್ಣ ಆಸೆಯಾಗಿ ಕಾಣಬಹುದು. ಐಸ್ ಹಾಕಿಯನ್ನು ಹತ್ತಿರದಿಂದ ಬಲ್ಲವರಿಗೆ ಹಾಗೆ ಕಾಣುವುದಿಲ್ಲ. ಪುಟಗಳು ನಾಳೆ ಬೆಳಗ್ಗೆ ಮುದ್ರಣಕ್ಕೆ ಹೋಗಬೇಕು. ಈ ಬಾರಿಯ ಸಂಪಾದಕೀಯ ಅವನ ಆ ಸಾಲಿಗೇ ಇರಲಿ.

ಒಂದು ತಂಡ ಪಂದ್ಯಕ್ಕೆ ಇಳಿಸುವುದು 18 ಸ್ಕೇಟರುಗಳನ್ನು, ಇಬ್ಬರು ಗೋಲಿಗಳನ್ನು (ಗೋಲ್‌ಕೀಪರುಗಳನ್ನು). ಸಾಮಾನ್ಯವಾಗಿ ಹನ್ನೆರಡು ಫಾರ್ವರ್ಡ್, ಅಂದರೆ ಮೂವರಂತೆ ನಾಲ್ಕು ಲೈನು. ಮೂವರಲ್ಲಿ ನಡುವೆ ಆಡುವವನೇ ಸೆಂಟರ್. ಡಿಫೆನ್ಸಿಗೆ ಮೂರು ಜೋಡಿ. ಒಂದು ಶಿಫ್ಟ್, ಅಂದರೆ ಒಮ್ಮೆ ಐಸಿಗಿಳಿದು ಆಡುವ ಹೊತ್ತು, ಸುಮಾರು 45 ಸೆಕೆಂಡು. ಅದಕ್ಕಿಂತ ಹೆಚ್ಚು ಹೊತ್ತು ನಿಂತವನ ಕಾಲು ಭಾರವಾಗುತ್ತದೆ, ಎದುರಾಳಿ ಅವನ ಪಕ್ಕದಿಂದಲೇ ನುಗ್ಗುತ್ತಾನೆ. ಮೊದಲ ಲೈನಿಗೆ ಪಂದ್ಯದಲ್ಲಿ ಇಪ್ಪತ್ತು ನಿಮಿಷದಷ್ಟು ಸಿಕ್ಕರೆ ನಾಲ್ಕನೆಯದಕ್ಕೆ ಎಂಟು-ಹತ್ತು. ಆ ಎಂಟು ನಿಮಿಷದಲ್ಲಿ ಗೋಲು ಹೊಡೆದರೆ ಸಂತೋಷ. ಬಿಟ್ಟುಕೊಟ್ಟರೆ ಮುಂದಿನ ಪಂದ್ಯಕ್ಕೆ ಜಾಗವಿಲ್ಲ. ಈ ವೃತ್ತಿಯಲ್ಲಿ ಬಹುಕಾಲ ಬಾಳುವವರು ತಾರೆಗಳಷ್ಟೇ ಅಲ್ಲ. ಕೋಚಿಗೆ ಬಿಟ್ಟಿರಲಾಗದ ಒಂದು ಕೆಲಸವನ್ನು ತನ್ನದಾಗಿಸಿಕೊಂಡವನೂ ಬಾಳುತ್ತಾನೆ.

ಮ್ಯಾನಿ ಮಲ್ಹೋತ್ರಾ ಅವರನ್ನು ನೆನೆಯದೆ ಈ ಮಾತು ಮುಂದಕ್ಕೆ ಹೋಗುವುದಿಲ್ಲ. ಮಿಸ್ಸಿಸ್ಸಾಗದಲ್ಲಿ ಹುಟ್ಟಿದವರು, ತಂದೆಯ ಕಡೆಯಿಂದ ಭಾರತೀಯ ಮೂಲ. ಗ್ವೆಲ್ಫ್ ಸ್ಟಾರ್ಮ್ ತಂಡದಲ್ಲಿ ಜೂನಿಯರ್ ಆಡಿ, 1998ರ ಡ್ರಾಫ್ಟಿನಲ್ಲಿ (ಉತ್ತರ ಅಮೆರಿಕದ ಅತಿ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಕ್ರಮ) ಏಳನೆಯವರಾಗಿ ನ್ಯೂಯಾರ್ಕ್ ರೇಂಜರ್ಸ್ ಪಾಲಾದರು. ಏಳನೇ ಜಾಗದಲ್ಲಿ ಆಯ್ಕೆಯಾದವನಿಂದ ಎಲ್ಲರೂ ಬಯಸುವುದು ಗೋಲುಗಳನ್ನು. ಆ ಲೆಕ್ಕದ ಗೋಲುಗಳು ಬರಲಿಲ್ಲ. ಅಲ್ಲಿಗೇ ಮುಗಿಯಬಹುದಾಗಿದ್ದ ಬಾಳ್ವೆಯನ್ನು ಅವರು ಫೇಸ್‌ಆಫ್ ವೃತ್ತದಲ್ಲಿ ಕಟ್ಟಿಕೊಂಡರು. ಆಟ ಶುರುವಾಗಲು ಲೈನ್ಸ್‌ಮನ್ (ಸಹಾಯಕ ಅಂಪೈರ್) ಇಬ್ಬರು ಸೆಂಟರುಗಳ ನಡುವೆ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಬೀಳಿಸುವುದೇ ಫೇಸ್‌ಆಫ್. ಫೇಸ್‌ಆಫ್ ಗೆಲ್ಲುವುದು ಬರಿಯ ಬಲದ ಮಾತಲ್ಲ. ಕೆಳಗಿನ ಕೈ ಕೋಲಿನ ಮೇಲೆ ಚೆನ್ನಾಗಿ ತಗ್ಗಬೇಕು, ಮೈಭಾರ ಪಾದದ ಮುಂಭಾಗದಲ್ಲಿರಬೇಕು, ಕಣ್ಣು ಲೈನ್ಸ್‌ಮನ್‌ನ ಕೈ ಮೇಲಿರಬೇಕು. ಪಕ್ ಬಿದ್ದ ಮೇಲೆ ನೋಡಿದವನು ಆಗಲೇ ಸೋತ. ಆತುರಪಟ್ಟು ಮೊದಲೇ ಅಲುಗಿದರೆ ಸೆಂಟರನ್ನು ವೃತ್ತದಿಂದ ಹೊರಗೆ ಕಳಿಸುತ್ತಾರೆ. ಬದಲಿಗೆ ಬಂದವನೂ ತಪ್ಪು ಮಾಡಿದರೆ ತಂಡಕ್ಕೆ ಎರಡು ನಿಮಿಷದ ಪೆನಾಲ್ಟಿ.

2010–11ರ ಋತುವಿನಲ್ಲಿ ವ್ಯಾಂಕೂವರಿಗಾಗಿ ಆಡುತ್ತ ಮಲ್ಹೋತ್ರಾ ನೂರರಲ್ಲಿ ಅರವತ್ತಕ್ಕೂ ಹೆಚ್ಚು ಫೇಸ್‌ಆಫ್ ಗೆದ್ದರು. ತಮ್ಮ ತಂಡದ ಗೋಲಿನ ಬಳಿ ಪಕ್ ಬೀಳುವಾಗಲೆಲ್ಲ ಕೋಚ್ ಅವರನ್ನೇ ಇಳಿಸುತ್ತಿದ್ದರು, ಇದರಿಂದ ತಂಡದ ತಾರೆಗಳಾದ ಸೆಡಿನ್ ಸಹೋದರರು ಎದುರಾಳಿಯ ಗೋಲಿನ ಬಳಿ ಆಟ ಶುರುಮಾಡಲು ಬಿಡುವಾಗುತ್ತಿತ್ತು. ಅಂಕಪಟ್ಟಿಯಲ್ಲಿ ಕಾಣದ ಕೆಲಸ ಇದು. ಮಾರ್ಚ್ 2011ರಲ್ಲಿ ಪಕ್ ಒಂದು ಅವರ ಎಡಗಣ್ಣಿಗೆ ಬಡಿಯಿತು. ಶಸ್ತ್ರಚಿಕಿತ್ಸೆಗಳಾದವು. ಋತು ಮುಗಿಯಿತೆಂದುಕೊಂಡಿದ್ದಾಗ, ಜೂನ್‌ನಲ್ಲಿ ಬಾಸ್ಟನ್ ಎದುರಿನ ಸ್ಟ್ಯಾನ್ಲಿ ಕಪ್ ಫೈನಲಿನ ಎರಡನೇ ಪಂದ್ಯಕ್ಕೆ ಮುಖ ತುಂಬ ಕವಚ ತೊಟ್ಟು ಇಳಿದರು. ಒಟ್ಟು 991 ಎನ್‌ಎಚ್‌ಎಲ್ ಪಂದ್ಯ. ಆಮೇಲೆ ಕೋಚ್ ಆದರು. 2025ರಲ್ಲಿ ಅವರ ಅಬ್ಬಟ್ಸ್‌ಫರ್ಡ್ ತಂಡ ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಲೀಗ್ ಎಎಚ್‌ಎಲ್‌ನ ಕಾಲ್ಡರ್ ಕಪ್ ಗೆದ್ದಿತು. ಆ ತಂಡದಲ್ಲಿದ್ದ ಸರ್ರೆಯ ಅರ್ಷದೀಪ್ ಬೈನ್ಸ್ ಅವರನ್ನು ಡ್ರಾಫ್ಟಿನಲ್ಲಿ ಯಾರೂ ಆರಿಸಿರಲಿಲ್ಲ. 2021–22ರಲ್ಲಿ 112 ಅಂಕ ಗಳಿಸಿ ಜೂನಿಯರ್ ಲೀಗ್ ಆದ ಡಬ್ಲ್ಯುಎಚ್‌ಎಲ್‌ಗೇ ಮೊದಲಿಗರಾದ ಮೇಲೆ ಬಾಗಿಲು ತೆರೆಯಿತು. ಇವರೆಲ್ಲರಿಗಿಂತ ಮುಂಚೆ, 1989–90ರ ಋತುವಿನಲ್ಲಿ, ಡಂಕನ್ ಊರಿನ ರಾಬಿನ್ ಬಾವಾ ಎನ್‌ಎಚ್‌ಎಲ್ ಆಡಿದ ಮೊದಲ ಭಾರತೀಯ ಮೂಲದವರಾದರು. ಅವರಿಗೆ ಸಿಕ್ಕಿದ್ದು 61 ಪಂದ್ಯ, ಉಳಿದ ವರ್ಷಗಳೆಲ್ಲ ಕೆಳಗಿನ ಲೀಗ್‌ಗಳಲ್ಲಿ ಸವೆದವು. ಅದೂ ಪೂರ್ಣ ವೃತ್ತಿಯೇ.

ಈಗ ದಾರಿಯ ಲೆಕ್ಕ. ವಯೋವರ್ಗ ಎಣಿಸುವುದು ಡಿಸೆಂಬರ್ 31ಕ್ಕೆ. ಜನವರಿಯಲ್ಲಿ ಹುಟ್ಟಿದ ಮಗು ಡಿಸೆಂಬರಿನದಕ್ಕಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು. ಆಯ್ಕೆಗಾರರ ಕಣ್ಣಿಗೆ ಅದೇ ಪ್ರತಿಭೆಯಾಗಿ ಕಾಣುತ್ತದೆ. ವರ್ಷದ ಕೊನೆಯಲ್ಲಿ ಹುಟ್ಟಿದ ಮಗುವನ್ನು ಹತ್ತನೇ ವಯಸ್ಸಿಗೆ ಮೇಲಿನ ತಂಡ ಕೈಬಿಟ್ಟರೆ ಅದನ್ನು ತೀರ್ಪೆಂದು ದಯವಿಟ್ಟು ತಿಳಿಯಬೇಡಿ. ಕೆನಡಾದಲ್ಲಿ ಯು13 (13ರೊಳಗಿನವರ) ವರ್ಗದ ತನಕ ಮೈಡಿಕ್ಕಿಗೆ ಅನುಮತಿಯಿಲ್ಲ, ಆ ವರ್ಷಗಳು ಸ್ಕೇಟಿಂಗಿಗೆ ಮೀಸಲಾಗಲಿ. ವರ್ಷವಿಡೀ ಹಾಕಿಯೊಂದನ್ನೇ ಆಡಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಚಲನೆಯಿಂದ ಬೆಳೆಯುವ ಸೊಂಟದ ಕೀಲು ಸವೆಯುತ್ತದೆ, ಗೋಲಿಗಳದ್ದು ಇನ್ನೂ ಬೇಗ. ಬೇಸಿಗೆಯಲ್ಲಿ ಈಜಲಿ, ಫುಟ್‌ಬಾಲ್ ಆಡಲಿ.

ಡಬ್ಲ್ಯುಎಚ್‌ಎಲ್ ಮಕ್ಕಳನ್ನು ಆರಿಸುವುದು ಅವರಿಗೆ 15 ತುಂಬುವ ವರ್ಷ, ಇನ್ನೊಂದು ಜೂನಿಯರ್ ಲೀಗ್ ಓಎಚ್‌ಎಲ್ 16 ತುಂಬುವ ವರ್ಷ. ಆಯ್ಕೆಯಾದ ಮಗು ಹದಿನಾರಕ್ಕೇ ಮನೆ ಬಿಟ್ಟು ಬೇರೆ ಊರಿನ ಬಿಲೆಟ್ ಕುಟುಂಬದಲ್ಲಿ (ಆಟಗಾರರನ್ನು ಇಟ್ಟುಕೊಳ್ಳುವ ಮನೆಯಲ್ಲಿ) ಇರಬೇಕಾಗಬಹುದು. ಆಡಿದ ಒಂದೊಂದು ಋತುವಿಗೂ ಒಂದೊಂದು ವರ್ಷದ ಕಾಲೇಜು ಖರ್ಚು ಸಿಗುತ್ತದೆ, ಆದರೆ ಅದನ್ನು ಬಳಸಲು ಗಡುವಿದೆ. ಸಹಿಗೆ ಮುಂಚೆ ಆ ಸಾಲನ್ನು ಎರಡು ಸಲ ಓದಿ. ವೃತ್ತಿಪರ ಒಪ್ಪಂದ ಮಾಡಿಕೊಂಡರೆ ಈ ಹಕ್ಕು ಏನಾಗುತ್ತದೆಂದು ಬರಹದಲ್ಲೇ ಕೇಳಿ. ಹಿಂದೆ ಈ ಲೀಗ್‌ಗಳಲ್ಲಿ ಆಡಿದವರಿಗೆ ಅಮೆರಿಕದ ಎನ್‌ಸಿಎಎ ಕಾಲೇಜು ಹಾಕಿ ಮುಚ್ಚಿಹೋಗುತ್ತಿತ್ತು. ಆಗಸ್ಟ್ 2025ರಿಂದ ಆ ನಿಯಮ ಬದಲಾಗಿದೆ. ಹಳೆಯ ಸಲಹೆ ಕೊಡುವ ಹಿರಿಯರು ಇದನ್ನು ಗಮನಿಸಬೇಕು.

ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ ಏಳು ಸುತ್ತು, 32 ತಂಡ, ವರ್ಷಕ್ಕೆ 224 ಹೆಸರು. ಹೆಸರು ಕರೆದರೆ ಕೆಲಸ ಸಿಕ್ಕಿತು ಎಂದಲ್ಲ, ಒಪ್ಪಂದ ಮಾಡಿಕೊಳ್ಳುವ ಹಕ್ಕು ಒಂದು ತಂಡಕ್ಕೆ ಸಿಕ್ಕಿತು, ಅಷ್ಟೆ. ಮೊದಲ ಒಪ್ಪಂದ 18ರಿಂದ 21ರ ವಯಸ್ಸಿನವರಿಗೆ ಮೂರು ವರ್ಷದ್ದು. 18-19ರ ಹುಡುಗ ಹತ್ತಕ್ಕಿಂತ ಕಡಿಮೆ ಪಂದ್ಯ ಆಡಿದರೆ ಆ ಒಪ್ಪಂದ ಒಂದು ವರ್ಷ ಮುಂದಕ್ಕೆ ಸರಿಯುತ್ತದೆ. ಒಂಬತ್ತನೇ ಪಂದ್ಯದ ಬಳಿಕ ಹುಡುಗರನ್ನು ಜೂನಿಯರಿಗೆ ವಾಪಸು ಕಳಿಸುವುದರ ಗುಟ್ಟು ಇದೇ. ಸಂಬಳ ದಿನದ ಲೆಕ್ಕ. 2025–26ರಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳ ಋತುವಿಗೆ 7,75,000 ಅಮೆರಿಕನ್ ಡಾಲರ್. ಎರಡು ದರದ ಒಪ್ಪಂದವಿದ್ದವನು ಎಎಚ್‌ಎಲ್‌ಗೆ ಇಳಿದ ದಿನ ಅದರ ಹತ್ತರಲ್ಲೊಂದು ಭಾಗಕ್ಕೆ ಇಳಿಯಬಹುದು. ಅನುಭವಿಯನ್ನು ಕೆಳಗೆ ಕಳಿಸಬೇಕಾದರೆ ವೇವರ್‌ನಲ್ಲಿ, ಅಂದರೆ ಬೇರೆ ತಂಡಗಳು ಎತ್ತಿಕೊಳ್ಳಬಹುದಾದ ಪಟ್ಟಿಯಲ್ಲಿ, ಇಡಬೇಕು. 24 ಗಂಟೆಯೊಳಗೆ ಬೇರೆ ತಂಡ ಎತ್ತಿಕೊಂಡರೆ ಸಂಸಾರದ ಊರೇ ಬದಲು.

ಹೆಣ್ಣುಮಕ್ಕಳ ಪೋಷಕರಿಗೆ: ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ ಜನವರಿ 1, 2024ರಂದು ಆರು ತಂಡಗಳೊಂದಿಗೆ ಶುರುವಾಯಿತು, 2025–26ರಲ್ಲಿ ವ್ಯಾಂಕೂವರ್, ಸಿಯಾಟಲ್ ಸೇರಿ ಎಂಟಾದವು.

ಇನ್ನು ಸೂಚನೆಗಳು, ಜಾಗ ಕಡಿಮೆ. ರಾಜ್ಯೋತ್ಸವದ ದಿನ ಬಳಸಿದ ಹಾಕಿ ಸಾಮಾನುಗಳ ವಿನಿಮಯ ಇದೆ. ಸಿಎಸ್‌ಎ ಸುರಕ್ಷತಾ ಮುದ್ರೆಯಿಲ್ಲದ ಹೆಲ್ಮೆಟ್, ಬಿಎನ್‌ಕ್ಯೂ ಸುರಕ್ಷತಾ ಗುರುತಿಲ್ಲದ ಕತ್ತುಪಟ್ಟಿ ತರಬೇಡಿ. 2023ರಲ್ಲಿ ಇಂಗ್ಲೆಂಡಿನ ಪಂದ್ಯದಲ್ಲಿ ಸ್ಕೇಟ್ ಅಲಗು ಕತ್ತಿಗೆ ತಗುಲಿ ಆ್ಯಡಮ್ ಜಾನ್ಸನ್ ತೀರಿಕೊಂಡರು. ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಸ್ಕೇಟನ್ನು ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಎರಡು ಸೈಜು ದೊಡ್ಡದು ಕೊಳ್ಳಬೇಡಿ: ಹಿಮ್ಮಡಿ ಒಳಗೆ ಎದ್ದರೆ ಹರಡು ಒಳಕ್ಕೆ ಮಡಚುತ್ತದೆ, ಮಗು ಅಂಚಿನ ಮೇಲೆ ನಿಲ್ಲುವುದನ್ನೇ ಕಲಿಯುವುದಿಲ್ಲ. ಕೋಲಿನ ಫ್ಲೆಕ್ಸ್ (ಬಾಗುವಿಕೆಯ) ಸಂಖ್ಯೆ ಮಗುವಿನ ಪೌಂಡ್ ತೂಕದ ಅರ್ಧದ ಆಸುಪಾಸಿನಲ್ಲಿರಲಿ. ಬಾಗದ ಕೋಲಿನಿಂದ ಪಕ್ ಮೇಲೇಳುವುದಿಲ್ಲ. ಆಟ ಮುಗಿದ ಮೇಲೆ ಅಲಗು ಒರೆಸಿ ಬಟ್ಟೆಯ ಕವರ್ ಹಾಕಿ. ಪ್ಲಾಸ್ಟಿಕ್ ಗಾರ್ಡಿನೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಸಾಮಾನು ಅಳೆದು ಜೋಡಿಸಲು ನಾಲ್ವರು ಬೇಕು, ಇದುವರೆಗೆ ಒಬ್ಬರೇ ಒಪ್ಪಿದ್ದಾರೆ. ಸುದ್ದಿಪತ್ರದ ಕರಡು ತಿದ್ದುವವರೂ ಬೇಕು, ತಿಂಗಳಿಗೆ ಎರಡು ಸಂಜೆ ಸಾಕು.

ಕೊನೆಯದು, ಎಲ್ಲಕ್ಕಿಂತ ತುರ್ತಿನದು. ಶನಿವಾರ ಬೆಳಗಿನ ಅಭ್ಯಾಸಕ್ಕೂ ಕನ್ನಡ ತರಗತಿಗೂ ವೇಳೆ ಡಿಕ್ಕಿಯಾಗಿ ಐದು ಮಕ್ಕಳು ಬರುವುದು ನಿಂತಿದೆ. ಆ ಸಾಲು ಬರೆದ ಹುಡುಗನೂ ಅವರಲ್ಲೊಬ್ಬ. ಭಾನುವಾರ ಸಂಜೆ ಒಂದು ಗಂಟೆ ಕಲಿಸಲು ಯಾರಾದರೂ ಒಪ್ಪಿದರೆ ಎರಡನೇ ತರಗತಿ ಶುರುಮಾಡುತ್ತೇವೆ. ಕೊಠಡಿ ಸಿಕ್ಕಿದೆ, ಪುಸ್ತಕಗಳಿವೆ, ಮೇಷ್ಟ್ರು ಬೇಕು.

— ಸಂಪಾದಕ