ಗುತ್ತಿಗೆ ನೌಕರರ ಸಾವೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಯುದ್ಧಭೂಮಿಯಲ್ಲಿ ಅಮೆರಿಕದ ಸೇನೆಗಾಗಿ ದುಡಿದ ಗುತ್ತಿಗೆ ನೌಕರರೊಬ್ಬರು ತಮ್ಮ ಸರ್ಕಾರದ ಮೇಲಿನ ಭರವಸೆಯನ್ನೇ ಕಳೆದುಕೊಂಡಿರುವ ವರದಿ ಓದಿ ನೋವಾಯಿತು. ಅವರ ಬೇಸರಕ್ಕೆ ಬಲವಾದ ಕಾರಣಗಳಿವೆ. ಇರಾಕ್‌ ಮತ್ತು ಅಫ್ಗಾನಿಸ್ತಾನದ ಯುದ್ಧಗುತ್ತಿಗೆಗಳ ಪರಿಶೀಲನೆಗೆ ಅಮೆರಿಕ ಸಂಸತ್ತೇ ರಚಿಸಿದ್ದ ಆಯೋಗವು, 3,100 ಕೋಟಿಯಿಂದ 6,000 ಕೋಟಿ ಡಾಲರ್‌ವರೆಗೆ ದುಂದುವೆಚ್ಚ ಹಾಗೂ ವಂಚನೆಯ ಪಾಲಾಗಿದೆ ಎಂದು 2011ರಲ್ಲಿ ಅಂದಾಜಿಸಿತ್ತು. ಹಣಕ್ಕಿಂತ ಹೆಚ್ಚಾಗಿ ಕಾಡುವುದು, ಅಲ್ಲಿ ಟ್ರಕ್‌ ಓಡಿಸಿದ, ಅಡುಗೆ ಮಾಡಿದ, ಕಾವಲು ಕಾಯ್ದ ಜನರ ಪಾಡು (ಅವರಲ್ಲಿ ಭಾರತ, ನೇಪಾಳದವರೂ ಇದ್ದರು). ಸತ್ತರೆ ಸೇನೆ ಪ್ರಕಟಿಸುವ ಮೃತ ಯೋಧರ ಪಟ್ಟಿಯಲ್ಲಿ ಅವರಿಗೆ ಜಾಗವಿಲ್ಲ. ಗಾಯಗೊಂಡರೆ, ವಿದೇಶದಲ್ಲಿ ದುಡಿಯುವ ಇಂಥ ನೌಕರರಿಗೆ ವಿಮೆ ಕಡ್ಡಾಯ ಮಾಡಿದ ಅಮೆರಿಕದ 1941ರ ಕಾಯ್ದೆಯಡಿ ಪರಿಹಾರಕ್ಕಾಗಿ ವಿಮಾ ಕಂಪನಿಗಳ ಬಾಗಿಲು ತಟ್ಟಬೇಕು. ಆದ್ದರಿಂದ ಅಮೆರಿಕ ಸರ್ಕಾರವು ಯೋಧರ ಸಾವುನೋವಿನ ಜೊತೆಗೇ ಇವರ ಲೆಕ್ಕವನ್ನೂ ಪ್ರಕಟಿಸಬೇಕು ಮತ್ತು ಅಕ್ರಮಗಳ ಕುರಿತು ಇವರು ನೀಡುವ ದೂರನ್ನು ಗುತ್ತಿಗೆ ಕೊಟ್ಟ ಕಚೇರಿಗೇ ಮರಳಿಸದೆ ಸ್ವತಂತ್ರ ತನಿಖೆಗೆ ಒಪ್ಪಿಸಬೇಕು.

– ಒಬ್ಬ ಓದುಗ