ಮೇಲಿನ ಮನೆ ಅಜ್ಜಿಯ ಬಗ್ಗೆ ಮಾತನಾಡುವ ಮೊದಲು

ಮಡಿಕೇರಿ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುವುದು.

ಮೇಲಿನ ಮನೆ ಅಜ್ಜಿಯ ಹದಿಮೂರನೆಯ ದಿನದ ಊಟವಾದ ಮೇಲೆ ಕೇರಿಯವರ ಪರವಾಗಿ ನೀನು ನಾಲ್ಕು ಮಾತನಾಡಬೇಕೆಂದು ಅವರ ಮಗ ಕೇಳಿಕೊಂಡದ್ದು, ನೀನು ಒಪ್ಪಿಕೊಂಡದ್ದು ತಿಳಿದು ಸಂತೋಷವಾಯಿತು. ನೀನು ಕಳುಹಿಸಿದ ಕರಡನ್ನೂ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ‘ಮಮತೆಯ ಮೂರ್ತಿ’, ‘ಯಾರ ಮನಸ್ಸನ್ನೂ ನೋಯಿಸದ ಸರಳ ಜೀವಿ’ ಎಂದೆಲ್ಲ ಬರೆದಿದ್ದೀಯಲ್ಲ, ಅದು ಯಾರ ವಿಷಯ? ತೊಂಬತ್ತಮೂರು ವರ್ಷ ಬದುಕಿ, ಅದರಲ್ಲಿ ಎಪ್ಪತ್ತು ವರ್ಷ ಈ ಕೇರಿಯಲ್ಲಿ ಒಬ್ಬರನ್ನೂ ಬೈಯದೆ ಬಿಡದ ಹೆಂಗಸಿನ ಬಗ್ಗೆ ಹಾಗೆ ಹೇಳಿದರೆ, ಎದುರಿಗೆ ಕುಳಿತವರು ತಾವು ಬೇರೆ ಯಾರದೋ ತಿಥಿಗೆ ಬಂದೆವೆಂದು ತಿಳಿದುಕೊಂಡಾರು.

ನೀನು ಚಿಕ್ಕ ವಯಸ್ಸಿನಲ್ಲೇ ಓದಲು ಮೈಸೂರಿಗೆ ಹೋದವಳಾದ್ದರಿಂದ ಅವರ ಬೆಳಗಿನ ಕಾರ್ಯಕ್ರಮವನ್ನು ಸರಿಯಾಗಿ ಕಂಡಿರಲಾರೆ. ‘ಶಕ್ತಿ’ ಪತ್ರಿಕೆ ಬಂದೊಡನೆ, ದಾರ ಕಟ್ಟಿದ ಕನ್ನಡಕ ಏರಿಸಿಕೊಂಡು ಮೆಟ್ಟಿಲಿನ ತಿರುವಿನಲ್ಲಿ ಕುಳಿತು, ಮೊದಲು ನಿಧನದ ಸುದ್ದಿಗಳನ್ನು ಕೇರಿಗೆಲ್ಲ ಕೇಳುವಂತೆ ಓದುತ್ತಿದ್ದರು. ‘ಅಪಾರ ಬಂಧು ಬಳಗವನ್ನು ಅಗಲಿದ್ದಾರೆ’ ಎಂಬಲ್ಲಿಗೆ ಬಂದಾಗ ಪತ್ರಿಕೆ ಕೆಳಗಿಟ್ಟು, “ಅಪಾರವಂತೆ! ಹಾಲಿನವನ ಬಾಕಿ ಕೊಟ್ಟಿದ್ದನಾ ಇಲ್ಲವಾ, ಅದನ್ನು ಹಾಕಲಿ” ಎನ್ನುತ್ತಿದ್ದರು. ಸತ್ತವರನ್ನು ಹೊಗಳುವ ಸಿದ್ಧ ಮಾತುಗಳ ಬಗ್ಗೆ ಇಂಥ ತಾತ್ಸಾರವಿದ್ದವರ ಮೇಲೆಯೇ ಆ ಮಾತುಗಳನ್ನು ಹೊದಿಸುವುದು ನನಗೆ ಸರಿ ಕಾಣುವುದಿಲ್ಲ.

ಆದ್ದರಿಂದ ಅವರ ಬಾಯನ್ನೇ ಮುಂದಿಟ್ಟುಕೊಂಡು ಬರೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಅವರು ಮದುಮಗಳಾಗಿ ಈ ಕೇರಿಗೆ ಬಂದವರು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ಅವರು ವಿರೋಧಿಸಿದವರೇನಲ್ಲ, ಆದರೆ ಆ ನೆನಪನ್ನು ಬೇಕಾದಾಗ ತೆಗೆದು ಬಳಸುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಮ್ಮೆ ನಮ್ಮ ಚರಂಡಿಯ ಅಳತೆಗೆಂದು ಮೂರನೆಯ ಬಾರಿ ಬಂದ ಅಧಿಕಾರಿಗಳ ಗುಂಪನ್ನು ತಿರುವಿನಲ್ಲೇ ನಿಲ್ಲಿಸಿ, “ಪೂಣಚ್ಚ, ಮಲ್ಲಪ್ಪ ಅಂತ ಇಬ್ಬರೇ ಮಂತ್ರಿಗಳು ಸೇರಿ ಒಂದು ರಾಜ್ಯ ನಡೆಸಿದರು. ಈ ಒಂದು ಚರಂಡಿಗೆ ನೀವು ಎಂತಕ್ಕೆ ಇಷ್ಟು ಜನ?” ಎಂದು ಕೇಳಿದರು. ಅವರು ಹೇಳಿದ್ದು ನಿಜವೇ. 1952ರ ಕೊಡಗು ಮಂತ್ರಿಮಂಡಲದಲ್ಲಿ ಇದ್ದದ್ದು ಇಬ್ಬರೇ. ಚರಂಡಿ ಆ ಮಳೆಗಾಲಕ್ಕೆ ಮುಂಚೆ ಆಯಿತು. ಅವರ ಮಾತಿನಿಂದಲೇ ಆಯಿತೆಂದು ನಾನು ಹೇಳಲಾರೆ, ನೀನೂ ಹೇಳಬೇಡ.

ಬರೆಯ, ಅಂದರೆ ಮನೆಗಳ ಹಿಂದಿನ ಗುಡ್ಡದ ಕಡಿದಾದ ಮಣ್ಣಿನ ಇಳಿಜಾರಿನ, ವಿಷಯವನ್ನು ಮಾತ್ರ ಬಿಡಕೂಡದು. ಮನೆಗೆ ಜಾಗ ಸಾಲದೆಂದು ಹಿಂಬದಿಯ ಬರೆಯನ್ನು ಜೆಸಿಬಿ ತರಿಸಿ ನೆಟ್ಟಗೆ ಕಡಿಸಿದವರನ್ನೆಲ್ಲ ಅವರು ವರ್ಷಗಟ್ಟಲೆ ಬೈದರು. ಮರ ತೆಗೆದ ಇಳಿಜಾರಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಬುಡದ ಆಧಾರ ಕಡಿದಿದ್ದರೆ ಜಾರುತ್ತದೆ ಎಂಬುದನ್ನು ತಿಳಿದವರು ನಮಗೆ 2018ರ ನಂತರ ವಿವರಿಸಿದರು, ಅಜ್ಜಿ ಅದಕ್ಕೂ ಮೊದಲೇ “ಗುಡ್ಡದ ಕಾಲು ಕಡಿದು ಅದರ ಬುಡದಲ್ಲೇ ಮಲಗುತ್ತೀಯಲ್ಲ, ನಿನಗೆ ನಿದ್ದೆ ಹೇಗೆ ಬರುತ್ತದೆ?” ಎಂದು ಮುಖಕ್ಕೇ ಕೇಳುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ, ಇಂದಿರಾನಗರ, ಚಾಮುಂಡೇಶ್ವರಿನಗರಗಳ ಕಡೆ ಮನೆಗಳು ಹೋದ ಆ ಮಳೆಯಲ್ಲಿ, ಬರೆಯಿಂದ ಬರುತ್ತಿದ್ದ ತಿಳಿನೀರು ಸಂಜೆಯ ಹೊತ್ತಿಗೆ ಕೆಂಪಾದದ್ದನ್ನು ಮೊದಲು ಗಮನಿಸಿದವರೂ ಅವರೇ. ಮೊಮ್ಮಗನ ಕೈಯಲ್ಲಿ ಟಾರ್ಚ್ ಕೊಟ್ಟು, ಕೊಡೆ ಹಿಡಿದು, ಕೆಳಗಿನ ಮೂರು ಮನೆಗಳ ಬಾಗಿಲು ಬಡಿದು, ನಾನಿಲ್ಲಿ ಬರೆಯಲಾಗದಂಥ ಮಾತುಗಳಲ್ಲಿ ಬೈದು, ಮಕ್ಕಳು ಮರಿಗಳನ್ನೆಲ್ಲ ಹೊರಡಿಸಿದರು. ಜನ ಹೊರಟದ್ದು ಅವರ ಬಾಯಿಗೆ ಹೆದರಿಯೇ ಹೊರತು ಮಳೆಗಲ್ಲ. ಬೆಳಗಿನ ಜಾವ ಒಂದು ಮನೆಯ ಅಡುಗೆಕೋಣೆಯ ಮೇಲೆ ಬರೆ ಬಿತ್ತು. ಆ ಮನೆಯವರು ಈಗಲೂ ಇಲ್ಲೇ ಇದ್ದಾರೆ, ಅವರನ್ನು ಕೇಳಿಕೊಂಡು ಅವರ ಮಾತಿನಲ್ಲೇ ಬರೆದುಕೋ. ಮೊಮ್ಮಗ ಹೇಳುವುದಕ್ಕೂ ಅವರು ಹೇಳುವುದಕ್ಕೂ ಸ್ವಲ್ಪ ವ್ಯತ್ಯಾಸವಿದೆ, ಎರಡನ್ನೂ ಕೇಳು.

ಇನ್ನೊಂದು ವಿಷಯ ಕಷ್ಟದ್ದು. ಕೆಳಗಿನ ಸಾಲಿನ ಮನೆಯ ಹುಡುಗಿ ಬೇರೆ ಜಾತಿಯವನನ್ನು ಮದುವೆಯಾದಾಗ ಅಜ್ಜಿ ನಲ್ಲಿಯ ಬಳಿ ಎಲ್ಲರೆದುರು ಅವಳ ತಾಯಿಗೆ ಆಡಿದ ಮಾತು ತಪ್ಪು. ‘ಹಳೆಯ ಕಾಲದವರು, ಬಿಡಿ’ ಎಂದು ಅದನ್ನು ತೇಲಿಸಿಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದೇ ಕಾಲದ ಇತರ ಮುದುಕಿಯರೂ ಅಂದು ಅಲ್ಲೇ ಕೊಡ ಹಿಡಿದು ನಿಂತಿದ್ದರು, ಅವರು ಹಾಗೆ ಆಡಲಿಲ್ಲ. ಮುಂದೆ ಆ ತಾಯಿ ಆಸ್ಪತ್ರೆ ಸೇರಿದಾಗ ಅಜ್ಜಿಯೇ ರಾತ್ರಿಯೆಲ್ಲ ಹಾಸಿಗೆಯ ಬಳಿ ಕುಳಿತದ್ದೂ ನಿಜ. ಇದರಿಂದ ಅದನ್ನು ವಜಾ ಮಾಡಲು ಹೋಗಬೇಡ. ಆ ತಾಯಿಯೂ ಮಾಡಿಲ್ಲ. ಈ ಪ್ರಸಂಗವನ್ನು ಹೇಳಬೇಕೋ ಬೇಡವೋ ಎಂಬ ತೀರ್ಮಾನ ನಿನ್ನದಲ್ಲ, ನನ್ನದಲ್ಲ, ಅಜ್ಜಿಯ ಮಗನದೂ ಅಲ್ಲ. ಒಂದು ದಿನ ಮುಂಚೆ ಬಂದು, ಫೋನಿನಲ್ಲಲ್ಲ, ಆ ತಾಯಿಯ ಮನೆಗೇ ಹೋಗಿ ಅವರನ್ನು ಕೇಳು. ಬೇಡವೆಂದರೆ ಬಿಟ್ಟುಬಿಡು, ಆದರೆ ಆಗ ‘ಯಾರ ಮನಸ್ಸನ್ನೂ ನೋಯಿಸದ’ ಎಂಬುದನ್ನೂ ಹೊಡೆದುಹಾಕು. ಅವರು ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ.

ಉಳಿದದ್ದು ಸಣ್ಣಪುಟ್ಟದ್ದು. ಐದು ನಿಮಿಷ ದಾಟಿಸಬೇಡ. ಅಜ್ಜಿ ಮೀನಿನವರ ಹತ್ತಿರ ಮಲಯಾಳದಲ್ಲಿ, ಎದುರುಮನೆಯವರ ಹತ್ತಿರ ಕೊಡವದಲ್ಲಿ ಚೌಕಾಸಿ ಮಾಡುತ್ತಿದ್ದದ್ದನ್ನು ಅನುಕರಿಸಿ ತೋರಿಸುವ ಆಸೆ ನಿನಗಿದೆಯೆಂದು ನಿನ್ನ ಅಮ್ಮ ಹೇಳಿದಳು. ನಿನಗೆ ಅವೆರಡೂ ಬರುವುದಿಲ್ಲ, ಆ ಸಾಹಸ ಬೇಡ.

ಪೂಜೆಗೆ ಇಡಲು ಮಗ ಸ್ಟುಡಿಯೋದಲ್ಲಿ ತಿದ್ದಿಸಿದ, ಸುಕ್ಕೇ ಇಲ್ಲದ ಒಂದು ಫೋಟೋ ಮಾಡಿಸಿದ್ದಾರೆ. ಕಳೆದ ಹುತ್ತರಿಗೆ ಬಂದಾಗ ನೀನು ಮೊಬೈಲಿನಲ್ಲಿ ತೆಗೆದದ್ದು, ಪಟಾಕಿಯ ಹುಡುಗರ ಕಡೆ ಕೈ ಎತ್ತಿ ಬಾಯಿ ತೆರೆದು ಗದರುತ್ತಿರುವುದು, ನಿನ್ನ ಬಳಿ ಇದ್ದರೆ ಮೈಸೂರಿನಲ್ಲೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಾ. ಊಟದ ಹಾಲ್‌ನಲ್ಲಿ ಇಡಲು ಮಗನನ್ನು ಒಪ್ಪಿಸಿದ್ದೇನೆ, ಸೊಸೆಯನ್ನು ಒಪ್ಪಿಸುವ ಕೆಲಸ ನಿನ್ನದು.

ಇಂತಿ ನಿನ್ನ ದೊಡ್ಡಪ್ಪ